ಮೀನುಬುಟ್ಟಿಗೊಂದು ಸೀಟು

ಒಳ್ಳೆಯ ಕೆಲಸಕ್ಕೆಂದು ಮೂರು ಕುರ್ಚಿ ಹಾಕಿದರೆ ನಾಲ್ಕನೆಯದರಲ್ಲಿ ಫಜೀತಿ ತಾನಾಗಿ ಬಂದು ಕೂತಿರುತ್ತದೆ. ನಾನು ಸೇರಿದ ಸಮಿತಿಗಳಲ್ಲೆಲ್ಲ ಹೀಗೇ ಆಗಿದೆ. ಈ ಸಮಿತಿಯಲ್ಲಂತೂ ಅದು ಕೂತದ್ದಷ್ಟೇ ಅಲ್ಲ, ಚಹಾ ಕುಡಿದು, ಸಹಿ ಹಾಕಿ ಎದ್ದಿತು.

ನಾನು ಹುಟ್ಟಿದ್ದು ಚಿಂತಾಮಣಿಯ ಆಚೆ, ಕೆರೆ ಕೋಡಿ ಬಿದ್ದರೆ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವ ಊರಲ್ಲಿ. ಇಪ್ಪತ್ತಮೂರನೆಯ ವಯಸ್ಸಿಗೆ ಅಂಕೋಲೆಗೆ ಶಿಕ್ಷಕಿಯಾಗಿ ಬಂದೆ. ಎರಡು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಈಗ ಎಪ್ಪತ್ತೆರಡು ನಡೆಯುತ್ತಿದೆ, ಇಲ್ಲೇ ಇದ್ದೇನೆ. ಈ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ನಾನು ಬಂದ ವಾರದಲ್ಲೇ ‘ಬಯಲುಸೀಮೆ ಅಕ್ಕೋರು’ ಆದೆ, ಇವತ್ತಿಗೂ ಅದೇ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಅಂಕೋಲೆ ಸಣ್ಣ ಊರು, ನಾನು ದಿನಾ ಪೇಟೆಗೆ ಹೋಗಬೇಕು.

ಸಮಿತಿ ಹುಟ್ಟಿದ್ದು ಹೀಗೆ. ನಮ್ಮ ಶಾಲೆಯ ಹಳೆಯ ಮುಖ್ಯ ಮಾಸ್ತರರೊಬ್ಬರು ತೀರಿಕೊಂಡರು. ಅವರು ಹುಡುಗರಾಗಿದ್ದಾಗ ಅದೇ ಶಾಲೆಯ ನೀರಿನ ಮಡಕೆ ಮುಟ್ಟುವ ಹಕ್ಕು ಅವರಿಗಿರಲಿಲ್ಲ. ಯಾರಾದರೂ ಮೇಲಿನಿಂದ ಸುರಿದರೆ ಬೊಗಸೆಯಲ್ಲಿ ಕುಡಿಯಬೇಕಿತ್ತು. ಮುಂದೆ ಅಲ್ಲಿಗೇ ಮುಖ್ಯ ಮಾಸ್ತರರಾಗಿ ಬಂದ ದಿನ ಅವರು ಮಾಡಿದ ಮೊದಲ ಕೆಲಸ, ಆ ಮಡಕೆಯಿಂದ ತಾವೇ ಒಂದು ಲೋಟ ನೀರು ತೆಗೆದು ನಿಧಾನಕ್ಕೆ ಕುಡಿದದ್ದು. ಅವರು ತಮ್ಮ ಉಳಿತಾಯವನ್ನೆಲ್ಲ ಒಂದು ವಿದ್ಯಾರ್ಥಿವೇತನಕ್ಕೆ ಬರೆದಿಟ್ಟು ಹೋಗಿದ್ದರು. ಸೇವೆಯಲ್ಲಿರುವ ಒಬ್ಬ ಶಿಕ್ಷಕರು ಮೇಲಿನ ಓದಿಗೆ ಹೋಗಬೇಕು, ನಮ್ಮ ಕಡೆಯ ಸಾಮಾನ್ಯ ಜನ ತಮ್ಮ ಹಕ್ಕಿಗಾಗಿ ಏನು ಮಾಡಿದರು ಅನ್ನುವುದನ್ನು ಸಂಶೋಧನೆ ಮಾಡಬೇಕು. ಆಯ್ಕೆಗೆ ಅಧ್ಯಕ್ಷರು, ಖಜಾಂಚಿ, ನಾನು, ಹೀಗೆ ಮೂವರ ಸಮಿತಿ, ಮೂವರೂ ಸಹಿ ಹಾಕಬೇಕು. ಮೂರು ವರ್ಷದೊಳಗೆ ಯಾರೂ ಸಿಗದಿದ್ದರೆ ಹಣ ಶಾಲೆಯ ಕಂಪೌಂಡ್ ಗೋಡೆಗೆ.

ಈ ಕೊನೆಯ ವಾಕ್ಯವನ್ನು ಊರಿನ ಗುತ್ತಿಗೆದಾರರೊಬ್ಬರು ಬಾಯಿಪಾಠ ಮಾಡಿಕೊಂಡಿದ್ದರು. ನಾನು ಸಿಕ್ಕಾಗೆಲ್ಲ ಬಹಳ ಕಾಳಜಿಯಿಂದ ಕೇಳುತ್ತಿದ್ದರು, “ಯಾರೂ ಸಿಕ್ಕಿಲ್ಲ ಅಲ್ಲಾ, ಅಕ್ಕೋರೆ?”

೧. ಕೋರ್ಟಿನ ಹಣ್ಣು

ಮೊದಲ ವರ್ಷ ಎರಡು ಅರ್ಜಿ ಬಂದವು. ಒಂದು ಘಟ್ಟದ ಮೇಲಿನ ಮಾಸ್ತರರದ್ದು. ಹಕ್ಕಿಗಾಗಿ ಹೋರಾಟ ಎಂದು ನಾವು ಕೇಳಿದ್ದಕ್ಕೆ ಅವರು ಕೊಟ್ಟ ವಿಷಯ, ‘ಕರಾವಳಿಗೆ ವರ್ಗಾವಣೆ ಪಡೆಯಲು ಶಿಕ್ಷಕನೊಬ್ಬ ನಡೆಸಿದ ಹನ್ನೊಂದು ವರ್ಷಗಳ ಹೋರಾಟ’. ಆ ಶಿಕ್ಷಕ ಅವರೇ. ಆಧಾರವಾಗಿ ತಾವು ಬರೆದ ಮನವಿಗಳನ್ನೆಲ್ಲ ಲಗತ್ತಿಸಿದ್ದರು. ನನ್ನದೂ ಒಂದು ಅರ್ಜಿ ನಲವತ್ತು ವರ್ಷದಿಂದ ಯಾವುದೋ ಫೈಲಿನಲ್ಲಿದೆ.

ಎರಡನೆಯದು ಅಂಕೋಲೆಯವರೇ ಆದ ಮಾಸ್ತರರದ್ದು. ವಿಷಯ, ‘ಗಡಿಯ ಮಾವಿನ ಮರದ ಮೇಲೆ ಒಂದು ಕುಟುಂಬದ ಹಕ್ಕು’. ಇದು ಇತಿಹಾಸ ಹೇಗಾಗುತ್ತದೆ ಎಂದು ಕೇಳಿದೆವು. ಅವರು ವಾದ ಮಾಡಲಿಲ್ಲ, ಮರುದಿನ ಒಂದು ಬುಟ್ಟಿ ಇಶಾಡು ಮಾವಿನ ಹಣ್ಣು ತಂದಿಟ್ಟರು. ಅಂಕೋಲೆಯ ಇಶಾಡು ತಿಂದವರಿಗೆ ಅದರ ಮುಂದೆ ಯಾರಿಗೂ ‘ಬೇಡ’ ಅನ್ನಲು ಬಾಯಿ ಬರುವುದಿಲ್ಲ ಎಂದು ಗೊತ್ತು. ಮೂವರೂ ತಿಂದೆವು. ತಿಂದಮೇಲೆ ಅರ್ಜಿ ತಿರಸ್ಕರಿಸಿದೆವು.

ಮೂರನೆಯ ದಿನ ನಮ್ಮ ಗೇಟಿನಲ್ಲಿ ಅವರ ಪಕ್ಕದ ಮನೆಯವರು ನಿಂತಿದ್ದರು, ಕೈಯಲ್ಲಿ ಒಂದು ಕಾಗದ. ಆ ಮರದ ಮೇಲೆ ತಡೆಯಾಜ್ಞೆ ಇದೆ, ತೀರ್ಪು ಬರುವ ತನಕ ಎರಡೂ ಮನೆಯವರು ಹಣ್ಣು ಮುಟ್ಟುವಂತಿಲ್ಲ. “ನೀವು ತಿಂದದ್ದು ಕೋರ್ಟಿನ ಹಣ್ಣು, ಅಕ್ಕೋರೆ. ಸಾಕ್ಷಿಗೆ ಗೊರಟೆ ಆದ್ರೂ ಕೊಡಿ” ಎಂದರು.

ಗೊರಟೆಗಳನ್ನು ನಮ್ಮ ಖಜಾಂಚಿಯವರು ತಮ್ಮ ಹಿತ್ತಿಲಲ್ಲಿ ಊರಿಬಿಟ್ಟಿದ್ದರು. ಒಂದು ಸಾಕ್ಷಿ ಈಗ ಮೊಣಕಾಲೆತ್ತರ ಬೆಳೆದಿದೆ. ಅದರ ಮೇಲೆ ಯಾರ ಹಕ್ಕು ಎಂದು ಇದುವರೆಗೆ ಯಾರೂ ಕೇಳಿಲ್ಲ.

೨. ಒಂದೂವರೆ ಗಂಟೆಯ ನಿದ್ದೆ

ಆ ಖಜಾಂಚಿಯವರ ಬಗ್ಗೆ ಹೇಳಲೇಬೇಕು. ಅವರು ಕೈಗಾದಲ್ಲಿ ಕಚೇರಿ ಕೆಲಸ ಮಾಡಿ ನಿವೃತ್ತರಾದವರು. ಮೂವತ್ತು ವರ್ಷ ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ಕಿಟಕಿ ಪಕ್ಕ ಕೂತೊಡನೆ ನಿದ್ದೆ, ಒಂದೂವರೆ ಗಂಟೆಗೆ ಸರಿಯಾಗಿ ಎಚ್ಚರ. ಕೆಲಸ ಬಿಟ್ಟರೂ ದೇಹ ಬಸ್ಸಿನಿಂದ ಇಳಿದಿಲ್ಲ. ಈಗಲೂ ಅವರನ್ನು ಕಿಟಕಿ ಪಕ್ಕ ಕೂರಿಸಿದರೆ ಕುತ್ತಿಗೆ ಒಂದಿಷ್ಟೂ ವಾಲದೆ, ಕಣ್ಣು ಅರ್ಧ ತೆರೆದೇ ಮಲಗುತ್ತಾರೆ. ನೋಡುವವರಿಗೆ ಆಳವಾಗಿ ಯೋಚಿಸುತ್ತಿದ್ದಾರೆ ಅನ್ನಿಸುತ್ತದೆ.

ಸಭೆ ನಡೆಯುತ್ತಿದ್ದದ್ದು ಕಾರವಾರದಲ್ಲಿ, ಅಧ್ಯಕ್ಷರ ಮನೆಯ ಜಗಲಿಯಲ್ಲಿ. ಅಲ್ಲಿ ಇರುವ ನಾಲ್ಕು ಕುರ್ಚಿಗಳಲ್ಲಿ ಮೂರು ಕಿಟಕಿ ಪಕ್ಕದವೇ.

ಎರಡನೆಯ ವರ್ಷ ಒಬ್ಬರೇ ಬಂದರು, ಬಹಳ ಒಳ್ಳೆಯ ಅಭ್ಯರ್ಥಿ. ಉಪ್ಪಿನ ಗದ್ದೆಯ ಕೂಲಿಗಳ ಮೇಲೆ ಕೆಲಸ ಮಾಡಬೇಕೆಂದಿದ್ದರು. ಖಜಾಂಚಿಯವರು ತಮ್ಮನ್ನೇ ದಿಟ್ಟಿಸುತ್ತಿದ್ದಾರೆ ಎಂದು ಆ ಮಾಸ್ತರರಿಗೆ ಹುಮ್ಮಸ್ಸು ಬಂತು. ಅವರ ಕಡೆಗೇ ತಿರುಗಿ ಹೇಳಿದರು, ಹೇಳಿದರು, ಒಂದೂವರೆ ಗಂಟೆ ಹೇಳಿದರು. ಕೊನೆಯಲ್ಲಿ, ಇದು ನನ್ನ ಜೀವನದ ಕನಸು ಎಂದರು. ಅಷ್ಟಕ್ಕೆ ಖಜಾಂಚಿಯವರು ಎದ್ದರು, ಚೀಲ ಹೆಗಲಿಗೆ ಹಾಕಿದರು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಗೇಟು ದಾಟಿ ಹೋದರು.

ಮಾಸ್ತರರು ಬೆಳ್ಳಗಾದರು. ಅವರು ಹಾಗಲ್ಲ, ನಿದ್ದೆಯಲ್ಲಿದ್ದರು ಎಂದು ನಾವು ಸಮಾಧಾನ ಮಾಡಲು ಹೋದೆವು. ನಿದ್ದೆಯಲ್ಲಿದ್ದರು ಅನ್ನುವುದನ್ನು ಕೇಳಿ ಅವರಿಗೆ ಇನ್ನೂ ಬೇಸರವಾಯಿತು. ಅರ್ಜಿ ಹಿಂತೆಗೆದುಕೊಂಡು ಹೋದರು. ಖಜಾಂಚಿಯವರು ಮಾತ್ರ ರಸ್ತೆ ತಿರುವಿನಿಂದ ವಾಪಸು ಬಂದು ಕೇಳಿದರು, “ಸಂದರ್ಶನ ಯಾವಾಗ ಶುರು?”

೩. ಏನೋ ಒಂದು ಕಡಿಮೆ

ಹೀಗೆ ಎರಡು ವರ್ಷ ಹೋದವು. ಮೂರನೆಯ ವರ್ಷ, ಅಂದರೆ ಕೊನೆಯ ವರ್ಷ, ಹಟ್ಟಿಕೇರಿಯ ಅಕ್ಕೋರೊಬ್ಬರು ಬಂದರು. ಇನ್ನು ಮುಂದೆ ನಾನು ಬರಿ ಅಕ್ಕೋರು ಅಂದರೆ ಇವರೇ. ಬೇಸಾಯದ ಮನೆಯವರು, ಬೆಳಂಬಾರದ ಶಾಲೆಯಲ್ಲಿ ಕಲಿಸುತ್ತಾರೆ. ವಯಸ್ಸು ನಲವತ್ತು. ಧಾರವಾಡದಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿತ್ತು. ಎರಡು ವರ್ಷ ಸಂಬಳವಿಲ್ಲದ ರಜೆ ಹಾಕಬೇಕು, ಮನೆ ನಡೆಯುವುದು ಅವರ ಸಂಬಳದಲ್ಲೇ. ಈ ವೇತನ ಸಿಕ್ಕರೆ ಓದು, ಸಿಗದಿದ್ದರೆ ಸೀಟು ಇನ್ನೊಬ್ಬರಿಗೆ. ಇದನ್ನು ಅವರು ಗೋಳಿನಂತೆ ಹೇಳಲಿಲ್ಲ, ಬಸ್ಸಿನ ವೇಳಾಪಟ್ಟಿ ಹೇಳಿದಂತೆ ಹೇಳಿದರು.

ಅವರ ವಿಷಯ ಹುಟ್ಟಿದ್ದು ತರಗತಿಯಲ್ಲಿ. ಹಕ್ಕು ಅಂದರೆ ಏನು ಎಂದು ಪಾಠ ಮಾಡುವಾಗ ಯಾವಾಗಲೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು, “ನಮ್ಮಜ್ಜಿ ಒಂದಿನ ಬಸ್ಸು ನಿಲ್ಸಿತ್ತು” ಎಂದಳಂತೆ.

ಐವತ್ತು ವರ್ಷದ ಹಿಂದಿನ ಮಾತು. ಬೆಳಂಬಾರದಿಂದ ಅಂಕೋಲೆಗೆ ಒಂದು ಖಾಸಗಿ ಬಸ್ಸು ಓಡುತ್ತಿತ್ತು. ಈಗ ಆ ಬಸ್ಸೂ ಇಲ್ಲ, ಮಾಲೀಕರೂ ಇಲ್ಲ. ಮೀನುಬುಟ್ಟಿ ಹೊತ್ತ ಹೆಂಗಸರನ್ನು ಅದು ಹತ್ತಿಸುತ್ತಿರಲಿಲ್ಲ. ನಡೆದು ಪೇಟೆ ಮುಟ್ಟುವಷ್ಟರಲ್ಲಿ ಮೀನು ಮೆತ್ತಗಾಗುತ್ತಿತ್ತು, ದರವೂ ಮೆತ್ತಗಾಗುತ್ತಿತ್ತು. ಒಂದು ಬೆಳಿಗ್ಗೆ ಹೆಂಗಸರೆಲ್ಲ ಬುಟ್ಟಿ ಸಮೇತ ಬಸ್ಸಿನ ಮುಂದೆ ಕೂತುಬಿಟ್ಟರು. ಬೆಳಿಗ್ಗೆ ಸುತರಾಂ ಆಗದು ಎಂದ ಕಂಡಕ್ಟರು ಸಂಜೆ ಎಲ್ಲರನ್ನೂ ಬುಟ್ಟಿಯೊಂದಿಗೆ ಹತ್ತಿಸಿಕೊಂಡು ಹೋದ. ಅಂದಿನಿಂದ ಬುಟ್ಟಿಗೂ ಬಸ್ಸಿನಲ್ಲಿ ಜಾಗವಾಯಿತು.

ನನಗೆ ಕೂಡಲೇ ಸಹಿ ಹಾಕಿಬಿಡೋಣ ಅನ್ನಿಸಿತು. ಅಧ್ಯಕ್ಷರು ಮಾತ್ರ ಮುಖ ಗಂಟು ಹಾಕಿದರು. ಅವರು ಕಾರವಾರದವರೇ, ಹೈಸ್ಕೂಲಿನ ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು, ಬಹಳ ಶಿಸ್ತಿನ ಮನುಷ್ಯ. ಕೆಲವು ಅಭ್ಯಾಸಗಳಿದ್ದವು. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಪೆನ್ಸಿಲ್ಲು ಕಿವಿಯ ಮೇಲೆ. ಸಮಾರಂಭದ ಬಾಗಿಲಲ್ಲಿ ನಿಂತರೆ, “ಮುಂದೆ ಹೋಗಿ, ಮುಂದೆ ಜಾಗ ಇದೆ” ಅನ್ನುವುದು. ಸಭೆ ಮುಗಿಸುವಾಗ ಅಂಗೈಯಿಂದ ಮೇಜಿಗೆ ಎರಡು ಸಲ ತಟ್ಟುವುದು. ಹೈಸ್ಕೂಲಿನವರೆಲ್ಲ ಹೀಗೇ ಇರುತ್ತಾರೇನೋ ಎಂದುಕೊಂಡಿದ್ದೆ, ನಾನು ಪ್ರಾಥಮಿಕ ಶಾಲೆಯವಳು.

“ಇದು ಇತಿಹಾಸ ಅಲ್ಲ, ಬಸ್ಸಿನ ತಕರಾರು” ಎಂದರು. “ದಾಖಲೆ ಎಲ್ಲಿದೆ? ಬೆಳಿಗ್ಗೆ ಬೇಡ ಅಂದವ ಸಂಜೆ ಯಾಕೆ ಹೂಂ ಅಂದ? ಅದನ್ನು ತನ್ನಿ, ಸಹಿ ಹಾಕುತ್ತೇನೆ.” ಮೇಜಿಗೆ ಎರಡು ಸಲ ತಟ್ಟಿದರು.

ಒಳಗೆ ಅವರ ಹೆಂಡತಿಗೆ ಖಾಲಿ ಚಹಾ ಲೋಟ ಕೊಡಲು ಹೋದೆ. ಮೀನು ಮುಟ್ಟದ ಮನೆ ಅದು, ಊಟ ತಿಂಡಿ ಎಲ್ಲ ಬಲು ಅಚ್ಚುಕಟ್ಟು. ಗಂಡನ ಹಟಮಾರಿತನದ ಬಗ್ಗೆ ನಾನು ಗೊಣಗಿದ್ದಕ್ಕೆ ಆ ತಾಯಿ ತಮ್ಮ ದೂರನ್ನು ಬಿಚ್ಚಿದರು. ಮದುವೆಯಾದಾಗಿನಿಂದ ಅವರು ಮಾಡಿದ ಸಾರಿಗೆ ಇವರು ಒಂದೇ ಮಾತು ಅನ್ನುತ್ತಾರಂತೆ. ಏನೋ ಒಂದು ಕಡಿಮೆ. ಬೇಳೆ ಬದಲಿಸಿ ನೋಡಿದರು, ಹುಳಿಗೆ ಮುರುಗಲ ಸಿಪ್ಪೆ ಹಾಕಿ ನೋಡಿದರು, ಮೆಣಸು ಹುರಿದು ನೋಡಿದರು. ಎಲ್ಲ ತಿಂದು, ಕೈ ತೊಳೆದು, ಸಮುದ್ರದ ಕಡೆ ನೋಡುತ್ತಾ ಅದೇ ಮಾತು.

“ಏನು ಕಡಿಮೆ ಅಂತ ಕೇಳಿದ್ರೆ ಹೇಳೂದಿಲ್ಲ, ಅಕ್ಕೋರೆ. ನಿಮ್ಮ ಸಂಶೋಧನೆಗೆ ಅದನ್ನೂ ಸೇರ್ಸಿ” ಎಂದರು.

೪. ಬರದೇ ಇದ್ದವಳು

ದಾಖಲೆ ಹುಡುಕಲು ನಾನೂ ಅಕ್ಕೋರೂ ಬೆಳಂಬಾರಕ್ಕೆ ಹೋದೆವು. ಬಸ್ಸು ನಿಲ್ಲಿಸಿದ ಅಜ್ಜಿಗೆ ಎಂಬತ್ತರ ಮೇಲಾಗಿದೆ. ಈಗ ಪೇಟೆಗೆ ಹೋಗುವುದಿಲ್ಲ, ಮನೆ ಜಗಲಿಯಲ್ಲೇ ಒಣಮೀನು ಮಾರುತ್ತಾರೆ. ವ್ಯಾಪಾರದ ಹೊತ್ತಲ್ಲಿ ಕತೆ ಇಲ್ಲ ಎಂದರು. ಕಾದು ಕೂತೆವು. ನಡುವೆ ಅವರು ಎಲೆಯಡಿಕೆ ತರಲು ಒಳಗೆ ಹೋದಾಗ ಗಿರಾಕಿಯೊಬ್ಬಳು ಬಂದು ಬಂಗಡೆಯ ದರ ಕೇಳಿದಳು. ಬಯಲುಸೀಮೆಯವಳಿಗೆ ಏನು ಗೊತ್ತು, ಬಾಯಿಗೆ ಬಂದದ್ದು ಹೇಳಿದೆ. ಅವಳು ತುಟಿಪಿಟಕ್ಕೆನ್ನದೆ ಕೊಟ್ಟು, ಇದ್ದದ್ದನ್ನೆಲ್ಲ ಬಾಚಿಕೊಂಡು ಹೋದಳು.

ಅಜ್ಜಿ ಹೊರಗೆ ಬಂದು ಖಾಲಿ ಚಾಪೆ ನೋಡಿದರು, ನನ್ನನ್ನು ನೋಡಿದರು. “ಚೌಕಾಸಿ ಮಾಡ್ದೆ ಹೋತು ಅಂದ್ರೆ ನೀವು ನನ್ನ ಮುಳುಗ್ಸಿದ್ರಿ, ಅಕ್ಕೋರೆ. ಹೋಗ್ಲಿ, ಇನ್ನೆಂತಾ ಮಾರೂದು, ಕತೆ ಹೇಳೂದೇ” ಎಂದು ಗೋಡೆಗೆ ಒರಗಿ ಕೂತರು. ನನ್ನಿಂದ ಆ ಸಂಶೋಧನೆಗೆ ಆದ ದೊಡ್ಡ ಉಪಕಾರ ಅದು.

ಆದರೆ ಮಾತು ಶುರುವಾಗುವ ಮೊದಲು ಒಂದು ಒಪ್ಪಿಗೆ ಪತ್ರ ಓದಿ ಹೇಳಬೇಕು ಎಂದು ಧಾರವಾಡದವರ ನಿಯಮ. ಅಕ್ಕೋರು ಗಂಭೀರವಾಗಿ ಓದಿದರು. ಮಾಹಿತಿ ಕೊಡುವವರ ಹೆಸರನ್ನು ಗುಟ್ಟಾಗಿ ಇಡಲಾಗುವುದು ಎಂಬಲ್ಲಿಗೆ ಬಂದೊಡನೆ ಅಜ್ಜಿ ಕೈ ಎತ್ತಿ ತಡೆದರು.

“ಯಾಕೆ? ನಾ ಏನು ಕದ್ದೀನಾ?”

ನಿಮಗೆ ತೊಂದರೆ ಆಗಬಾರದು ಅಂತ, ಎಂದರು ಅಕ್ಕೋರು.

“ತೊಂದ್ರೆ ಆಗೂದೆಲ್ಲ ಆಗಿ ಐವತ್ತು ವರ್ಷ ಆತು. ಬಿಸ್ಲಲ್ಲಿ ರಸ್ತೆ ಮೇಲೆ ಕೂತದ್ದು ನಾನು. ಪುಸ್ತಕದಲ್ಲಿ ಯಾರೋ ಒಂದು ಹೆಂಗ್ಸು ಅಂತ ಬರೀತ್ರಿ? ಹೊಡೀರಿ ಅದನ್ನ.”

ಅಕ್ಕೋರು ಆ ಸಾಲನ್ನು ಹೊಡೆದುಹಾಕಿದರು. ಅಜ್ಜಿ ತಮ್ಮ ಹೆಸರು ಹೇಳಿದರು, ಅತ್ತೆಯ ಹೆಸರು ಹೇಳಿದರು, ಜೊತೆಗೆ ಕೂತವರ ಹೆಸರನ್ನೆಲ್ಲ ಹೇಳಿದರು, ಒಬ್ಬೊಬ್ಬರದನ್ನೂ ತಿರುಗಿ ಓದಿಸಿ ಕೇಳಿದರು. ಕೊನೆಗೆ ದನಿ ತಗ್ಗಿಸಿ ಎದುರು ಮನೆಯ ಕಡೆ ಬೆರಳು ತೋರಿಸಿದರು.

“ಅದ್ರದ್ದೂ ಬರ್ಕೊಳ್ಳಿ. ಅವತ್ತು ಹೊಟ್ಟೆನೋವು ಅಂತ ಬರ್ಲಿಲ್ಲ ಅದು.”

ಕತೆ ಬಸ್ಸು ತಡೆದ ದಿನದ ಮಧ್ಯಾಹ್ನದವರೆಗೆ ಚೆನ್ನಾಗಿ ಬಂತು. ಊಟದ ಹೊತ್ತು ಮುಟ್ಟಿದೊಡನೆ ನಿಂತಿತು. ಆಮೇಲೆ ಕಂಡಕ್ಟರು ಯಾಕೆ ಒಪ್ಪಿದ ಎಂದು ಅಕ್ಕೋರು ಮೂರು ರೀತಿಯಲ್ಲಿ ಕೇಳಿದರು. ಅಜ್ಜಿ ಮೂರು ಸಲವೂ ಒಂದೇ ಉತ್ತರ ಕೊಟ್ಟರು. “ಅದು ನಂದಲ್ಲ. ಒಬ್ರಿಗೆ ಮಾತು ಕೊಟ್ಟೀನಿ. ಅವ್ರೇ ಬಂದು ಹೇಳೂ ತಂಕ ನಾ ಹೇಳೂದಿಲ್ಲ.”

೫. ಇನ್ನೊಮ್ಮೆ ಕೂತದ್ದು

ಅಧ್ಯಕ್ಷರು ಕಾಗದ ಬರೆದು ಇನ್ನೊಂದು ದಾಖಲೆ ಕೇಳಿದರು. ಮುಂದಿನ ಸಾಲಿನಲ್ಲಿ ಕೂತವರು ಯಾರು, ಪಟ್ಟಿ ಕೊಡಿ. ಅಕ್ಕೋರು ಮನೆಮನೆಗೆ ಹೋಗಿ ಕೇಳಿದರು. ಹದಿನೆಂಟು ಮನೆಯವರು ತಮ್ಮ ಮನೆಯವರೇ ಎಲ್ಲರಿಗಿಂತ ಮುಂದೆ ಕೂತದ್ದು ಎಂದರು. ಆ ರಸ್ತೆಯ ಅಗಲಕ್ಕೆ ಐದು ಜನ ಹಿಡಿಯುತ್ತಾರೆ. ಎದುರು ಮನೆಯ ಹೊಟ್ಟೆನೋವಿನವರೂ ಆ ಹದಿನೆಂಟರಲ್ಲಿದ್ದರು.

ಕೂತು ನೋಡಿದರೆ ನೆನಪಾಗುತ್ತದೆ ಎಂದರು ಅಜ್ಜಿ. ಒಂದು ದಿನ ಬೆಳಿಗ್ಗೆ, ಇರುವವರು ತಾವಾಗಿ, ಇಲ್ಲದವರ ಪರವಾಗಿ ಸೊಸೆಯಂದಿರು, ಎಲ್ಲರೂ ಹಳೆಯ ಜಾಗದಲ್ಲಿ ರಸ್ತೆ ಮೇಲೆ ಕೂತರು. ನೀನು ಅಲ್ಲಿ ಅಲ್ಲ, ಇಲ್ಲಿ. ನಿಮ್ಮತ್ತೆ ಇಲ್ಲಿ ಇರಲೇ ಇಲ್ಲ. ಗಲಾಟೆಯೋ ಗಲಾಟೆ. ಅಕ್ಕೋರು ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಬರೆದುಕೊಳ್ಳುತ್ತಿದ್ದರು. ಯಾರೂ ನೆನಪಿಟ್ಟುಕೊಳ್ಳದ ವಿಷಯ ಒಂದಿತ್ತು, ಒಂಬತ್ತರ ಬಸ್ಸು.

ಬಸ್ಸು ಬಂದು ನಿಂತಿತು. ಕಂಡಕ್ಟರು ಇಳಿದ. ಬಿಜಾಪುರದ ಕಡೆಯವ, ಈ ಕಡೆಗೆ ಹೊಸಬ. ರಸ್ತೆ ತುಂಬ ಹೆಂಗಸರು, ಪಕ್ಕದಲ್ಲಿ ಪುಸ್ತಕ ಹಿಡಿದ ಟೀಚರು. ಅವನಿಗೆ ಎಲ್ಲ ಅರ್ಥವಾಯಿತು ಅನ್ನಿಸಿರಬೇಕು. ಕೈ ಮುಗಿದು, “ಏನ್ ಬೇಕ್ರೀ ಯವ್ವಾ ನಿಮಗ?” ಎಂದ.

ಯಾರಿಗೂ ಏನೂ ಬೇಕಿರಲಿಲ್ಲ. ಆದರೆ ಅಷ್ಟು ಮರ್ಯಾದೆಯಿಂದ ಕೇಳಿದಮೇಲೆ ಏನೂ ಬೇಡ ಅನ್ನುವುದು ಹೇಗೆ? ಹಿಂದಿನ ಸಾಲಿನಿಂದ ಒಬ್ಬ ಸೊಸೆ, “ಶಾಲೆ ಹತ್ರ ನಿಲ್ಸೂದಿಲ್ಲ ನೀವು. ಮಕ್ಳು ಸ್ಟಾಪಿಂದ ಅಲ್ಲಿ ತಂಕ ನಡೀಬೇಕು” ಎಂದಳು. ಕಂಡಕ್ಟರು ಡ್ರೈವರನ ಹತ್ತಿರ ಮಾತಾಡಿದ, ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿದ, ವಾಪಸು ಬಂದು ನಾಳೆಯಿಂದ ಶಾಲೆಯ ಹತ್ತಿರ ನಿಲ್ಲಿಸುತ್ತೇವೆ ಎಂದ. ಹೆಂಗಸರು ಸೀರೆ ಕೊಡವಿಕೊಂಡು ಎದ್ದರು, ಬಸ್ಸು ಹೋಯಿತು. ಮುಂದಿನ ಸಾಲಿನಲ್ಲಿ ಯಾರಿದ್ದರು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಬಸ್ಸು ಮಾತ್ರ ದಿನಾ ಶಾಲೆಯ ಹತ್ತಿರ ನಿಲ್ಲುತ್ತದೆ.

ಎಲ್ಲರೂ ಖುಷಿಯಲ್ಲಿದ್ದರೆ ಅಜ್ಜಿಗೆ ಸಮಾಧಾನವಿರಲಿಲ್ಲ. “ಈಗಿನ ಕಂಡಕ್ಟರುಗಳಿಗೆ ದಮ್ಮೇ ಇಲ್ಲ. ನಮ್ಮವ ಸಂಜೆ ತಂಕ ತಡ್ಕೊಂಡಿದ್ದ” ಎಂದರು.

೬. ದಾಖಲೆ ಸಿಕ್ಕಿದ್ದು

ಕೊನೆಯ ಸಭೆಯ ದಿನ ಬಂತು. ಅಂದು ಸಂಜೆಯೊಳಗೆ ಮೂರು ಸಹಿ ಬೀಳದಿದ್ದರೆ ಹಣ ಗೋಡೆಗೆ, ಸೀಟು ಇನ್ನೊಬ್ಬರಿಗೆ. ಗುತ್ತಿಗೆದಾರರು ಹಿಂದಿನ ದಿನವೇ ಶಾಲೆಯ ಅಂಗಳದಲ್ಲಿ ಗೋಡೆಗೆಂದು ಒಂದು ಲಾರಿ ಚಿರೇಕಲ್ಲು ಇಳಿಸಿಟ್ಟಿದ್ದರು.

ಅಜ್ಜಿ ತಾವೂ ಬರುತ್ತೇನೆಂದು ಹಟ ಹಿಡಿದರು. ನನ್ನ ಮಾತಿನ ಮೇಲೆ ಅಕ್ಕೋರ ಓದು ನಿಂತರೆ ನಾ ಮನೆಯಲ್ಲಿ ಕೂರುವುದು ಹೇಗೆ ಎಂದರು. ಇನ್ನೊಬ್ಬರ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಅವರಲ್ಲಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಬುಟ್ಟಿ ಹಸಿ ಬಂಗಡೆ ಇಟ್ಟುಕೊಂಡೇ ಕಾರವಾರಕ್ಕೆ ಬಂದರು. ಅದು ಮೀನು ಮುಟ್ಟದ ಮನೆ ಎಂದು ಹೇಳುವಷ್ಟರಲ್ಲಿ ಗೇಟು ಬಂದಿತ್ತು. ಬುಟ್ಟಿಗೆ ಬಾಳೆಲೆ ಮುಚ್ಚಿ ಗೇಟಿನ ಪಕ್ಕ ಇರಿಸಿದೆವು.

ಖಜಾಂಚಿಯವರು ಕಿಟಕಿ ಪಕ್ಕ ಕೂತು ಆಗಲೇ ಕೈಗಾ ರಸ್ತೆಯಲ್ಲಿದ್ದರು. ಅಧ್ಯಕ್ಷರು ಅಜ್ಜಿಯ ಕಡೆ ಸರಿಯಾಗಿ ನೋಡಲೇ ಇಲ್ಲ, ಕಾಗದದ ಕಡೆ ನೋಡುತ್ತಾ ಮಾತಾಡಿದರು. ಹೆಸರುಗಳಿವೆ, ಸರಿ. ಊರಿನವರ ನೆನಪುಗಳಿವೆ, ಸರಿ. ಆದರೆ ಮಧ್ಯಾಹ್ನದಿಂದ ಸಂಜೆಯವರೆಗೆ ಏನಾಯಿತು? ಕಂಡಕ್ಟರು ಯಾಕೆ ಒಪ್ಪಿದ? ದಾಖಲೆ ಇಲ್ಲ. ಕ್ಷಮಿಸಿ, ಎಂದರು. ಮೇಜಿಗೆ ಎರಡು ಸಲ ತಟ್ಟಿ ಏಳಲು ಹೊರಟರು. ಅಕ್ಕೋರು ತಲೆ ತಗ್ಗಿಸಿ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದರು.

ಅಜ್ಜಿ ಮಾತ್ರ ಮೇಜಿನ ಮೇಲಿದ್ದ ಆ ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಕೈ ಎತ್ತಿ ಮೇಜಿಗೆ ಒಂದು ಪೆಟ್ಟು ಕೊಟ್ಟರು. ಒಂದೇ.

ಅರ್ಧ ಎದ್ದಿದ್ದ ಅಧ್ಯಕ್ಷರು ಗಕ್ಕನೆ ನಿಂತರು. ಯೋಚಿಸಿ ನಿಂತದ್ದಲ್ಲ. ಬಸ್ಸಿನ ತಗಡಿಗೆ ಒಂದು ಪೆಟ್ಟು ಬಿದ್ದರೆ ನಿಲ್ಲಬೇಕು, ಎರಡು ಬಿದ್ದರೆ ಹೊರಡಬೇಕು ಎಂದು ಕಲಿತ ದೇಹ ತಾನೇ ನಿಂತಿತು.

“ನೀನೇನಾ, ತಮಾ?” ಎಂದರು ಅಜ್ಜಿ. ನನಗೆ ಪರಿಚಯವಾದ ಮೂವತ್ತು ವರ್ಷದಲ್ಲಿ ಅಧ್ಯಕ್ಷರನ್ನು ಏಕವಚನದಲ್ಲಿ ಕರೆದವರನ್ನು ನಾನು ಕಂಡಿರಲಿಲ್ಲ. “ಕೂದ್ಲು ಹೋತು, ಮೀಸೆ ಹೋತು, ಗುರ್ತೇ ಸಿಗ್ಲಿಲ್ಲ ನೋಡು.”

ಅಧ್ಯಕ್ಷರು ಕೂತರು.

ಅಜ್ಜಿ ಅಕ್ಕೋರ ಕಡೆ ತಿರುಗಿದರು. “ದಾಖಲೆ ಬೇಕು ಅಂತಿದ್ರಲ್ಲಾ. ಕುರ್ಚಿ ಮೇಲೆ ಕೂತದೆ, ಬರ್ಕೊಳ್ಳಿ.” ಆಮೇಲೆ ಅವರ ಕಡೆಗೆ, “ನಾ ಮಾತು ಕೊಟ್ಟಿದ್ದೆ, ಐವತ್ತು ವರ್ಷ ಬಾಯಿ ಬಿಡ್ಲಿಲ್ಲ. ಈಗ್ಲೂ ಬಿಡೂದಿಲ್ಲ. ನೀ ಹೇಳ್ತ್ಯೋ, ಅಕ್ಕೋರ ಓದು ಕಳೀತ್ಯೋ?”

ಅಧ್ಯಕ್ಷರು ಒಮ್ಮೆ ಅಡಿಗೆಮನೆಯ ಬಾಗಿಲ ಪರದೆ ನೋಡಿದರು, ಒಮ್ಮೆ ಅಕ್ಕೋರ ಚೀಲ ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಮೇಜಿನ ಮೇಲಿಟ್ಟರು. ಬಹಳ ಮೆಲ್ಲಗೆ ಹೇಳಿದರು.

ಮಾಸ್ತರಿಕೆ ಸಿಗುವ ಮುಂಚೆ ಅವರು ಒಂದೂವರೆ ವರ್ಷ ಆ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಅವತ್ತು ಬೆಳಿಗ್ಗೆ ಚಹಾ ಸಹ ಕುಡಿದಿರಲಿಲ್ಲ. ಮಧ್ಯಾಹ್ನ ಎರಡಾಯಿತು, ಹಸಿವೆಗೆ ಕಣ್ಣು ಕತ್ತಲೆ ಬಂತು. ರಸ್ತೆ ಮೇಲೆ ಹೆಂಗಸರು ಗಡಿಗೆ ಬಿಚ್ಚಿ ಗಂಜಿ ಊಟಕ್ಕೆ ಕೂತಿದ್ದರು. ಇವರು ನೋಡುವುದನ್ನು ನೋಡಿ ಇದೇ ಅಜ್ಜಿ ಒಂದು ತಟ್ಟೆ ತುಂಬಿ ಬಸ್ಸಿನೊಳಗೆ ತಂದುಕೊಟ್ಟರು. ಹಿಂದಿನ ಸೀಟಿನಲ್ಲಿ ಬಗ್ಗಿ ಕೂತು ತಿಂದರು. ಗಂಜಿ, ಬಂಗಡೆ ಸಾರು. ಹುಟ್ಟಿದಾಗಿನಿಂದ ಮೊದಲ ಸಲ. ಎರಡನೆಯ ಸಲ ಬಡಿಸಿಕೊಂಡರು. ಮನೆಯಲ್ಲಿ ತಿಳಿದರೆ ಒಳಗೆ ಸೇರಿಸುವುದಿಲ್ಲ, ಯಾರಿಗೂ ಹೇಳಬೇಡಿ ಎಂದು ಕೈ ಮುಗಿದರು. ಹೇಳುವುದಿಲ್ಲ ಎಂದು ಅಜ್ಜಿ ಮಾತು ಕೊಟ್ಟರು. ಕೊಟ್ಟು ಒಂದು ಪ್ರಶ್ನೆ ಕೇಳಿದರು.

“ಏನು ಕೇಳಿದರು?” ಎಂದರು ಅಕ್ಕೋರು. ಪೆನ್ನು ಹಿಡಿದಾಗಿತ್ತು.

“ತಮಾ, ನಮ್ಮ ಬಂಗಡೆ ನಿನ್ನ ಹೊಟ್ಟೆಯೊಳಗೆ ಕೂತು ಅಂಕೋಲೆಗೆ ಹೋಗ್ಬಹುದು, ನಮ್ಮ ಬುಟ್ಟಿಯೊಳಗೆ ಕೂತು ಹೋಗೂಕಾಗದಾ, ಅಂತ.” ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. “ಸಂಜೆಯವರೆಗೆ ಯೋಚಿಸಿದೆ. ಉತ್ತರ ಸಿಗಲಿಲ್ಲ. ಹತ್ತಿಸಿಕೊಂಡೆ.”

ಊಟದ ವಿವರವೊಂದು ಬಿಟ್ಟು ಉಳಿದದ್ದು ಬರೆಯಬಹುದಲ್ಲವೇ ಎಂದು ಅಧ್ಯಕ್ಷರು ಪಿಸುಗುಟ್ಟಿದರು. ಊಟ ಬಿಟ್ಟರೆ ಕಾರಣವೇ ಇರುವುದಿಲ್ಲವಲ್ಲ, ಸರ್, ಎಂದರು ಅಕ್ಕೋರು. ಆಗ ಅಡಿಗೆಮನೆಯ ಪರದೆ ಸರಿಯಿತು. ಆ ತಾಯಿ ಚಹಾದ ತಟ್ಟೆ ಹಿಡಿದು ಯಾವಾಗಿನಿಂದ ನಿಂತಿದ್ದರೋ.

“ಬೇಳೆ ಬದಲಿಸಿದೆ, ಮುರುಗಲು ಹಾಕಿದೆ, ಮೆಣಸು ಹುರಿದೆ” ಎಂದರು. “ನಲವತ್ತೈದು ವರ್ಷ. ಕಡಿಮೆ ಇದ್ದದ್ದು ಬಂಗಡೆ.”

ಅಷ್ಟು ಹೇಳಿ ಎಲ್ಲರಿಗೂ ಚಹಾ ಕೊಟ್ಟರು. ಗಂಡನಿಗೆ ಕೊಡುವಾಗ ಪೆನ್ನನ್ನೂ ಕೊಟ್ಟರು. ಅಧ್ಯಕ್ಷರು ಸಹಿ ಹಾಕಿದರು. ನಾನು ಹಾಕಿದೆ. ಸಭೆ ಮುಗಿಸಲು ಅಭ್ಯಾಸಬಲದಿಂದ ಅವರ ಅಂಗೈ ಮೇಲೆದ್ದಿತು. ಅಜ್ಜಿ ಮಣಿಕಟ್ಟು ಹಿಡಿದು ನಿಲ್ಲಿಸಿದರು.

“ಅವತ್ತು ನೀ ತಟ್ಟಿದ್ದೆ, ಬಸ್ಸು ಹೊರಟಿತ್ತು. ಇವತ್ತು ನಾ ತಟ್ತೆ.” ತಟ್ಟಿದರು, ಎರಡು ಸಲ, ಲೋಟಗಳು ಕುಣಿಯುವಂತೆ.

ಆ ಸದ್ದಿಗೆ ಖಜಾಂಚಿಯವರಿಗೆ ಎಚ್ಚರವಾಯಿತು. ಎದ್ದರು, ಚೀಲ ಹೆಗಲಿಗೆ ಹಾಕಿದರು, ಮೂರನೆಯ ಸಹಿ ಹಾಕದೆಯೇ ಮೆಟ್ಟಿಲಿಳಿದು ಹೊರಟರು. ಅಕ್ಕೋರು ಕಾಗದ ಹಿಡಿದು ಹಿಂದೆ ಓಡಿದರು, ಅವರ ಹಿಂದೆ ನಾನು, ನನ್ನ ಹಿಂದೆ ಅಧ್ಯಕ್ಷರು. ಗೇಟಿನ ಹತ್ತಿರ ಹಿಡಿದೆವು. ಕಾಗದ ಇಟ್ಟು ಬರೆಯಲು ಅಲ್ಲಿ ಇದ್ದದ್ದು ಒಂದೇ ವಸ್ತು. ಖಜಾಂಚಿಯವರು ಬಗ್ಗಿ, ಬಂಗಡೆ ಬುಟ್ಟಿಯ ಬಾಳೆಲೆಯ ಮೇಲೆ ಕಾಗದ ಹರಡಿ, ಅರೆನಿದ್ದೆಯಲ್ಲಿ ದೊಡ್ಡದಾಗಿ ಸಹಿ ಹಾಕಿದರು.

ಅಕ್ಕೋರು ಈಗ ಧಾರವಾಡದಲ್ಲಿ ಓದುತ್ತಿದ್ದಾರೆ. ಗುತ್ತಿಗೆದಾರರು ಚಿರೇಕಲ್ಲನ್ನು ಮರಳಿ ಲಾರಿಗೆ ತುಂಬಿಸಿಕೊಂಡು ಹೋದರು, ನನ್ನ ಹತ್ತಿರ ಈಗ ಮಾತಾಡುವುದಿಲ್ಲ. ಮೊನ್ನೆ ಅಕ್ಕೋರು ಫೋನು ಮಾಡಿದ್ದರು. ಅಲ್ಲಿಯ ಕಚೇರಿಯವರು, ನಿಮ್ಮ ಮಂಜೂರಾತಿ ಪತ್ರದಿಂದ ಇಡೀ ಬೀರು ಮೀನು ವಾಸನೆ ಹೊಡೆಯುತ್ತಿದೆ, ಬೇರೆ ಪ್ರತಿ ತಂದುಕೊಡಿ ಎಂದು ಕೇಳಿದರಂತೆ.

ಇವರು ಕೊಡಲಿಲ್ಲವಂತೆ. ಮೂಲ ದಾಖಲೆ, ಅದು ಹಾಗೇ ಇರಬೇಕು ಎಂದರಂತೆ.